‘ಅನುಭವ’ ನೋಡಿದವರು ನಮ್ಮೂರಾಗ ಯಾರೂ ಇಲ್ಲ

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದರೆ ಛಲೋ. ಫೋನು ಸ್ಪೀಕರ್ ಮೇಲಿದ್ದು, ಬಾಜೂಕ ದೊಡ್ಡವರು ಯಾರಾದರೂ ಕೂತಿದ್ದರೆ ಒಂದು ಸಲ ಯೋಚನೆ ಮಾಡಿ. ಹೊಲಸು ಮಾತು ಒಂದೂ ಇಲ್ಲ ಇದರಾಗ. ಆದರೂ ಅವರು ಥಟ್ಟನೆ ಎದ್ದು ನೀರು ಕುಡಿಯೋಕೆ ಹೋಗಬಹುದು. ನಮ್ಮ ದೊಡ್ಡಪ್ಪ ಹಂಗೇ ಹೋಗಿದ್ದು.

ಶುರುವಾಗಿದ್ದು ಟೀವಿಯಿಂದ. 2021ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಬರೋಕೆ ಹತ್ತಿದಾಗ ನಮ್ಮ ಮನೆಯಾಗ ಸಂಜೆ ಯಾರೂ ಅಡ್ಡ ಬರೋ ಹಂಗಿರಲಿಲ್ಲ. ಮನೆ ಅಂದ್ರೆ ಅಣ್ಣಿಗೇರಿಯ ಹತ್ತಿರದ ಒಂದು ಹಳ್ಳಿ, ನವಲಗುಂದ ಕಡೆ ಹೋಗೋ ದಾರಿ. ಸುತ್ತ ಎರೆ ಹೊಲ, ಹೆಸರು, ಹತ್ತಿ, ಮೆಣಸಿನಕಾಯಿ. ಪುಟ್ಟಕ್ಕನ ಪಾತ್ರದಲ್ಲಿ ಉಮಾಶ್ರೀ ಅವರು ಕಣ್ಣೀರು ಹಾಕಿದರೆ ಇಲ್ಲಿ ನಮ್ಮವ್ವನೂ ಹಾಕೋದು. ಒಂದು ದಿನ ದೊಡ್ಡವ್ವ ಟೀವಿ ನೋಡ್ತಾ ನೋಡ್ತಾ, ಯಾರಿಗೂ ಅಂತಲ್ಲ, ಅಂದುಬಿಟ್ಟಳು: “ನಮ್ಮ ಪದ್ಮಿ ಎಷ್ಟ ಸೊರಗ್ಯಾಳ ನೋಡ ಪಾಪ.”

ಯಾವ ಪದ್ಮಿ? ಅಂತ ನಾನು ಕೇಳಿದೆ. ಮನೆಯೆಲ್ಲಾ ಗಪ್‌ಚಿಪ್. ದೊಡ್ಡಪ್ಪ ನೀರು ಕುಡಿಯೋಕೆ ಎದ್ದ.

ಪದ್ಮಿ ಅಂದ್ರೆ 1984ರ ‘ಅನುಭವ’ ಚಿತ್ರದ ಪದ್ಮಿ. ಕಥೆ, ನಿರ್ದೇಶನ, ನಾಯಕ ಎಲ್ಲಾ ಕಾಶೀನಾಥ್ ಅವರೇ. ನಿಮ್ಮಲ್ಲಿ ಬಹಳ ಮಂದಿಗೆ ಕಾಶೀನಾಥ್ ಅಂದ್ರೆ ಉಪೇಂದ್ರ ಅವರ ಗುರು ಅಷ್ಟೇ ಗೊತ್ತಿರಬಹುದು. ದಪ್ಪ ಕನ್ನಡಕ, ಪೆದ್ದ ಮುಖ, ಎರಡರ್ಥದ ಮಾತು ಅಂತ ಮೀಮ್ಸ್‌ನಲ್ಲಿ ನೋಡಿರ್ತೀರಿ. ಆದರೆ ಅವರು ಹೆಸರು ಮಾಡಿದ್ದು ಥ್ರಿಲ್ಲರ್‌ನಿಂದ. 1978ರಲ್ಲಿ ಬಂದ ‘ಅಪರಿಚಿತ’ ಪಕ್ಕಾ ಸಸ್ಪೆನ್ಸ್ ಚಿತ್ರ. ಸ್ಟಾರ್ ಇಲ್ಲ, ದುಡ್ಡೂ ಹೆಚ್ಚಿಲ್ಲ. ಅದರ ನಾಯಕ ಸುರೇಶ ಹೆಬ್ಳೀಕರ್, ನಮ್ಮ ಧಾರವಾಡದವರು. ನಾಯಕಿ ಶೋಭಾ. ಚಿತ್ರ ಎಷ್ಟು ಗಟ್ಟಿಯಾಗಿತ್ತು ಅಂದ್ರೆ ಕಾಶೀನಾಥ್ ಅವರೇ ಅದನ್ನು 1981ರಲ್ಲಿ ಮಿಥುನ್ ಚಕ್ರವರ್ತಿಯನ್ನು ಹಾಕಿಕೊಂಡು ಹಿಂದಿಯಲ್ಲಿ ‘ಬೇಶಕ್’ ಅಂತ ಮಾಡಿದರು. ಆಮೇಲೆ ‘ಅನುಭವ’. ಇಲ್ಲೂ ದುಡ್ಡು ಕಡಿಮೆ, ಹಳ್ಳಿಯ ಕಥೆ. ಮದುವೆ ಅನ್ನೋದು ಆಗಿಬಿಡುತ್ತೆ, ಆದರೆ ಮದುವೆ ಅಂದ್ರೇನು ಅಂತ ಯಾರೂ ಯಾರಿಗೂ ಹೇಳಿರೋದಿಲ್ಲ. ಆ ಅಜ್ಞಾನದ ಮೇಲೆ ಇಡೀ ಚಿತ್ರ ನಿಂತಿದೆ. ಪದ್ಮಿ ಆ ಊರಿನ ಹೆಂಗಸು. ತನ್ನ ಆಸೆಯನ್ನು ಮುಚ್ಚಿಡದವಳು. ಚಿತ್ರ ಭರ್ಜರಿ ಓಡಿತು. 1986ರಲ್ಲಿ ಇದೂ ಹಿಂದಿಗೆ ಹೋಯಿತು, ಶೇಖರ್ ಸುಮನ್, ಪದ್ಮಿನಿ ಕೊಲ್ಹಾಪುರೆ ನಟಿಸಿದರು.

ಭರ್ಜರಿ ಓಡಿತು ಅಂದಮೇಲೆ ಯಾರೋ ನೋಡಿರಬೇಕಲ್ರೀ?

ನಾನು ಹಿಂದಿನ ವರ್ಷ ಸುಗ್ಗಿ ಮುಗಿದಮೇಲೆ ಕೇಳ್ತಾ ಹೋದೆ. ಅಣ್ಣಿಗೇರಿ, ನವಲಗುಂದ, ಆಮೇಲೆ ಕುಂದಗೋಳ ಕಡೆಯ ಬಳಗದವರು, ಕಲಘಟಗಿಯಲ್ಲಿರೋ ನನ್ನ ಗೆಳತಿಯ ಮಾವನವರು. ಅರವತ್ತು ದಾಟಿದ ಗಂಡಸರು. ‘ಅನುಭವ’ ನೋಡೀರೇನ್ರೀ ಅಂತ ಕೇಳಿದರೆ ಒಬ್ಬರೂ ನೋಡಿಲ್ಲ. “ಅಂಥಾ ಪಿಚ್ಚರ್‌ಗೆ ನಾವೆಲ್ಲಿ ಹೋಗೂದ್ರೀ ತಂಗಿ.” “ನಮ್ಮ ಗೆಳ್ಯಾ ಒಬ್ಬಾಂವ ನೋಡಿದ್ದ, ಅಂವಾ ತೀರಿಕೊಂಡ.” ಇದು ಬಹಳ ಜನ ಹೇಳಿದ ಉತ್ತರ. ನೋಡಿದವರೆಲ್ಲಾ ತೀರಿಕೊಂಡಿದ್ದಾರೆ, ಉಳಿದವರು ಯಾರೂ ನೋಡಿಲ್ಲ!

ನಾನು ಹೆಣ್ಣುಮಗಳು ಅನ್ನೋದೂ ಇದಕ್ಕೆ ಕಾರಣ. ನಮ್ಮ ಅಣ್ಣ ಕೇಳಿದ್ದರೆ ಬೇರೆ ಉತ್ತರ ಸಿಗ್ತಿತ್ತೋ ಏನೋ. ಆಮೇಲೆ ನಾನು ಪ್ರಶ್ನೆ ಬದಲು ಮಾಡಿದೆ. ಚಿತ್ರದ ಹೆಸರನ್ನೇ ಎತ್ತಲಿಲ್ಲ. ಆವಾಗ ಹುಬ್ಬಳ್ಳಿಗೆ ಹೆಂಗ ಹೋಗ್ತಿದ್ರಿ? ಟಾಕೀಸಿನಾಗ ಎಲ್ಲಿ ಕೂಡ್ತಿದ್ರಿ? ಮನೆಗೆ ಏನಂತ ಹೇಳಿ ಹೋಗ್ತಿದ್ರಿ? ಇದಕ್ಕೆ ಎಲ್ಲರ ಹತ್ತಿರಾನೂ ಉತ್ತರ ಇತ್ತು. ಅದೂ ತಾಸುಗಟ್ಟಲೆ.

ದೊಡ್ಡಪ್ಪನ ಕಥೆ ಕೇಳಿ. ಹತ್ತಿ ಮಾರೋಕೆ ಅಂತ ಹುಬ್ಬಳ್ಳಿಗೆ ಹೋಗೋದು. ಅಣ್ಣಿಗೇರಿಯಿಂದ ರೈಲು ಇತ್ತಲ್ಲ, ಗದಗ–ಹುಬ್ಬಳ್ಳಿ ಲೈನು. ವ್ಯಾಪಾರ ಮುಗಿಸಿ ಖಾನಾವಳಿಯಲ್ಲಿ ರೊಟ್ಟಿ ಉಂಡು ಮೂರೂವರೆ ಆಟಕ್ಕೆ ಹೋಗೋದು. ಟಿಕೆಟಿನ ಪಾಳಿಯಲ್ಲಿ ತಲೆಯ ಮೇಲೆ ಟವೆಲ್ಲು, ಬಿಸಿಲಿಗೆ ಅಂತ. ಒಳಗೆ ಹೋಗಿ ಕೂತಮೇಲೂ ಟವೆಲ್ಲು ಇಳಿಯೋದಿಲ್ಲ, ಅಲ್ಲಿ ಯಾವ ಬಿಸಿಲು? ಮುಂದಿನ ಸಾಲಿನಲ್ಲಿ ಇನ್ನೊಬ್ಬರು ಹಂಗೇ ಟವೆಲ್ಲು ಹೊದ್ದು ಕೂತಿದ್ದರಂತೆ. ಇಂಟರ್‌ವಲ್‌ನಲ್ಲಿ ದೀಪ ಹತ್ತಿದಾಗ ನೋಡಿದರೆ ನಮ್ಮೂರಿನ ಹಿರಿಯರೇ, ಪಂಚಾಯ್ತಿಗೆ ಕೂಡೋರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಂದ್ರೆ, ನೋಡಿದರು, ಆದರೆ ನೋಡಲಿಲ್ಲ. ಸಂಜೆ ಅದೇ ರೈಲಿನಲ್ಲಿ ಬೇರೆ ಬೇರೆ ಡಬ್ಬಿಯಲ್ಲಿ ಕೂತು ಊರಿಗೆ ಬಂದರು. ವಾರ ಬಿಟ್ಟು ಗುಡಿಕಟ್ಟೆ ಮೇಲೆ ಆ ಚಿತ್ರದ ಮಾತು ಬಂತು. ಹಿರಿಯರು ಅಂದರಂತೆ, “ಊರು ಕೆಡಿಸೋ ಪಿಚ್ಚರ್ ಅಂತ ಅದು, ನಮ್ಮ ಹುಡುಗರನ್ನ ಕಳಿಸಬ್ಯಾಡ್ರಿ.” ದೊಡ್ಡಪ್ಪ, “ಹೌದ್ರೀ, ನಾನೂ ಹಂಗ ಕೇಳೇನಿ” ಅಂದ.

ಇದೇ ಆಗಿನ ಪ್ರೇಕ್ಷಕರ ಅಭಿಪ್ರಾಯ. ಟಿಕೆಟ್ ಕೊಟ್ಟು ಹೇಳಿದ್ದು ಒಂದು, ಕಟ್ಟೆ ಮೇಲೆ ಹೇಳಿದ್ದು ಇನ್ನೊಂದು.

ಇಲ್ಲಿ ಒಂದು ವಿಷಯ ಹೇಳಬೇಕು. ನವಲಗುಂದದ ಮಂದಿ ಬಾಯಿ ಇಲ್ಲದವರಲ್ಲ. 1980ರ ಜುಲೈ 21 ಅಂದ್ರೆ ಈ ಕಡೆ ಎಲ್ಲರಿಗೂ ಗೊತ್ತು. ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ವಿರುದ್ಧ ನರಗುಂದ, ನವಲಗುಂದದಲ್ಲಿ ರೈತರು ಬಂಡೆದ್ದ ದಿನ, ಗುಂಡು ಹಾರಿದ ದಿನ. ಸರಕಾರದ ಎದುರು ಎದೆಯೊಡ್ಡಿ ನಿಂತ ಅದೇ ತಲೆಮಾರಿನ ಗಂಡಸರು, ನಾಲ್ಕು ವರ್ಷದ ಮೇಲೆ, ಒಂದು ಸಿನಿಮಾ ನೋಡಿದೆ ಅಂತ ಕಟ್ಟೆ ಮೇಲೆ ಹೇಳೋಕೆ ಅಂಜಿದರು.

ಹಂಗಾದರೆ ನಮ್ಮ ಹಳ್ಳಿಗಳು ಕಾಮದ ಕಥೆಯನ್ನೇ ನೋಡಿರಲಿಲ್ಲವಾ? ಇದನ್ನು ಕೇಳಿದರೆ ಉತ್ತರ ಕರ್ನಾಟಕದವರು ನಗ್ತಾರೆ. ‘ಸಂಗ್ಯಾ ಬಾಳ್ಯಾ’ ಇದೆಯಲ್ಲ! ಕೇಳದವರಿಗೆ ಹೇಳ್ತೀನಿ. ಇದು ಸಣ್ಣಾಟ, ಅಂದ್ರೆ ನಮ್ಮ ಕಡೆಯ ಹಾಡು–ಮಾತಿನ ಬಯಲು ನಾಟಕ. ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಘಟನೆಯಿಂದ ಹುಟ್ಟಿದ್ದು. ಸಂಗ್ಯಾ ಅನ್ನೋ ಹುಡುಗ, ಮದುವೆಯಾದ ಗಂಗಾಳ ಮೇಲೆ ಕಣ್ಣು ಹಾಕ್ತಾನೆ. ಅವಳೂ ಒಲೀತಾಳೆ. ಜೀವದ ಗೆಳೆಯ ಬಾಳ್ಯಾನೇ ಕೊನೆಗೆ ಗುಟ್ಟು ಬಿಟ್ಟುಕೊಡ್ತಾನೆ. ಗಂಗಾಳ ಗಂಡನ ಕಡೆಯವರು ಸಂಗ್ಯಾನನ್ನು ಕೊಲ್ತಾರೆ. ಪರಸ್ತ್ರೀ, ಕಳ್ಳ ಪ್ರೇಮ, ನಂಬಿಕೆದ್ರೋಹ, ಕೊಲೆ. ಇವತ್ತಿನ ಓಟಿಟಿಯಲ್ಲಿ ಹಾಕಿದರೆ ‘ಎರೋಟಿಕ್ ಥ್ರಿಲ್ಲರ್’ ಅಂತ ಪಟ್ಟಿ ಹಚ್ಚುತ್ತಾರೆ. ಕಡಿಮೆ ಬಜೆಟ್ ಬೇರೆ: ನಾಲ್ಕು ಕಂಬ, ಒಂದು ಪರದೆ, ಒಂದು ಹಾರ್ಮೋನಿಯಂ.

ಅದನ್ನು ನಾನು ದೊಡ್ಡವ್ವನ ತೊಡೆ ಮೇಲೆ ಕೂತು ನೋಡಿದ್ದೀನಿ. ಜಾತ್ರೆಯ ರಾತ್ರಿ, ಬೆಳತನಕ. ಒಂದು ಕಡೆ ಹೆಣ್ಣುಮಕ್ಕಳು ಕೌದಿ ಹಾಸಿಕೊಂಡು, ಇನ್ನೊಂದು ಕಡೆ ಗಂಡಸರು. ನಡುನಡುವೆ ಬರೋ ಎರಡರ್ಥದ ಮಾತಿಗೆ ಮೊದಲು ನಗೋರು ಮುದುಕಿಯರು. ಸಂಗ್ಯಾ ಸಾಯೋವಾಗ ಅಳೋರೂ ಅವರೇ. ಯಾರೂ ಟವೆಲ್ಲು ಹೊದ್ದಿರಲಿಲ್ಲ. ಮಾರನೇ ದಿನ ಬಾವಿಕಟ್ಟೆ ಹತ್ತಿರ ಗಂಗಾ ಮಾಡಿದ್ದು ತಪ್ಪೋ ಸರಿಯೋ ಅಂತ ಜಗಳವೇ ನಡೀತಿತ್ತು. ಒಬ್ಬಾಕಿ, “ಗಂಡ ಯಾಪಾರ ಯಾಪಾರ ಅಂತ ಊರೂರು ತಿರಗಿದ್ರ ಆಕಿ ಏನ ಮಾಡಬೇಕ?” ಅಂತ ನಾಲ್ಕು ಮಂದಿ ಮುಂದೆ ಹೇಳಿದ್ದು ನನಗೆ ಇನ್ನೂ ನೆನಪಿದೆ. ಬನಶಂಕರಿ ಜಾತ್ರೆಗೆ ಬರೋ ನಾಟಕ ಕಂಪನಿಗಳ ಹಾಸ್ಯಪಾತ್ರಗಳ ಮಾತನ್ನಂತೂ ಇಲ್ಲಿ ಹೇಳೋ ಹಂಗಿಲ್ಲ. ಅವಕ್ಕೂ ಇಡೀ ಮನೆತನ ಚಕ್ಕಡಿ ಕಟ್ಟಿಕೊಂಡು ಹೋಗ್ತಿತ್ತು.

ಹಂಗಿದ್ದಮೇಲೆ ‘ಅನುಭವ’ಕ್ಕೆ ಯಾಕೆ ಟವೆಲ್ಲು? ನನಗೆ ಹೊಳೆಯೋದು ಇಷ್ಟು. ಸಣ್ಣಾಟ ನೋಡೋವಾಗ ಊರು ಒಟ್ಟಿಗೆ ಇರುತ್ತೆ, ಬೆಳಕಿನಲ್ಲಿರುತ್ತೆ. ಯಾರು ನಕ್ಕರು, ಯಾರು ತಲೆ ತಗ್ಗಿಸಿದರು ಎಲ್ಲರಿಗೂ ಕಾಣುತ್ತೆ. ಹಂಗಾಗಿ ಅದು ಯಾರೊಬ್ಬರ ಪಾಪವೂ ಅಲ್ಲ. ಟಾಕೀಸು ಕತ್ತಲು. ಅಲ್ಲಿಗೆ ಮನುಷ್ಯ ಒಬ್ಬನೇ ಹೋಗ್ತಾನೆ, ತನ್ನ ದುಡ್ಡು ಕೊಟ್ಟು, ತನ್ನ ಆಸೆಗೆ. ನಮ್ಮವರಿಗೆ ನಾಚಿಕೆಯಾಗಿದ್ದು ಕಥೆಯ ಬಗ್ಗೆ ಅಲ್ಲ, ಆ ಟಿಕೆಟಿನ ಬಗ್ಗೆ. ಗಂಡಸರು ಒಬ್ಬೊಬ್ಬರೇ ಹೋದಷ್ಟೂ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿತು. ಹೆಣ್ಣುಮಕ್ಕಳು ಬರದಷ್ಟೂ ಅದು ‘ಅಂಥಾ ಪಿಚ್ಚರ್’ ಆಯಿತು.

ಸರಕಾರದ ಪಾಲೂ ಸ್ವಲ್ಪ ಇದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಎರಡು ಅಕ್ಷರ ಮುಖ್ಯ: ಎಲ್ಲರಿಗೂ ‘ಯು’, ದೊಡ್ಡವರಿಗಷ್ಟೇ ‘ಎ’. ನಡುವಿನ ‘ಯುಎ’ ಬಂದಿದ್ದು 1983ರಲ್ಲಿ. ದಿಲ್ಲಿಯಲ್ಲಿ ಇದರ ಬಗ್ಗೆ ದೊಡ್ಡ ವಾದ ನಡೆದಿತ್ತು. ನ್ಯಾಯಮೂರ್ತಿ ಜಿ.ಡಿ. ಖೋಸ್ಲಾ ಅವರ ಸಮಿತಿ 1969ರಲ್ಲಿ ವರದಿ ಕೊಟ್ಟು, ಕಥೆಗೆ ಬೇಕಾದರೆ ಚುಂಬನವನ್ನೂ ನಗ್ನತೆಯನ್ನೂ ತೋರಿಸಬಹುದು ಅಂದಿತ್ತು. 1970ರಲ್ಲಿ ಕೆ.ಎ. ಅಬ್ಬಾಸ್ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಸಿನಿಮಾವನ್ನು ಮೊದಲೇ ಸೆನ್ಸಾರ್ ಮಾಡೋದು ಸರಿಯೇ, ಆದರೆ ಕಾಮ ಅಂದ ತಕ್ಷಣ ಅಶ್ಲೀಲ ಆಗೋದಿಲ್ಲ ಅಂದಿತು. ಇದೆಲ್ಲಾ ನಮ್ಮ ತಾಲ್ಲೂಕಿಗೆ ಮುಟ್ಟೋ ಹೊತ್ತಿಗೆ ಏನಾಯಿತು ಗೊತ್ತಾ? ‘ಎ’ ಅನ್ನೋ ಅಕ್ಷರ ಪೋಸ್ಟರಿನಲ್ಲಿ ನಾಯಕಿಯಷ್ಟೇ ದೊಡ್ಡದಾಯಿತು. ಎಚ್ಚರಿಕೆ ಅಂತ ಕೊಟ್ಟಿದ್ದು ಜಾಹೀರಾತು ಆಯಿತು. ಬಾಗಿಲಲ್ಲಿ ವಯಸ್ಸು ಕೇಳೋರು ಯಾರು? ಮೀಸೆ ಇದ್ದರೆ ಮುಗೀತು, ಇಲ್ಲದಿದ್ದರೆ ಅಣ್ಣನ ಲುಂಗಿ.

ಆಮೇಲಿನ ಕಾಲ ನಿಮಗೂ ಅಲ್ಪಸ್ವಲ್ಪ ಗೊತ್ತು. ಮಲಯಾಳದ ಚಿತ್ರಗಳು ಬಂದವು. 2000ದಲ್ಲಿ ‘ಕಿನ್ನಾರ ತುಂಬಿಗಳ್’ ಗೆದ್ದಮೇಲೆ ಶಕೀಲಾ ಅವರ ಅಲೆ. ಆಗ ಕನ್ನಡಕ್ಕೆ ಡಬ್ಬಿಂಗ್ ಮಾಡೋ ಹಂಗಿರಲಿಲ್ಲ, ಹಂಗಾಗಿ ಧಾರವಾಡ ಜಿಲ್ಲೆಯ ಹುಡುಗರು ಒಂದು ಶಬ್ದವೂ ತಿಳಿಯದ ಭಾಷೆಯಲ್ಲಿ ಎರಡು ತಾಸು ಕೂತು ಎದ್ದು ಬಂದರು. ಅವರ ವಿಮರ್ಶೆ ಒಂದೇ: ಪೋಸ್ಟರಿನಾಗ ಇದ್ದದ್ದು ಒಳಗ ಇತ್ತೋ ಇಲ್ಲೋ. ‘ಬಿಟ್’ ಹಾಕಿದನೋ ಇಲ್ಲೋ. ಬಿಟ್ ಅಂದ್ರೆ ಸೆನ್ಸಾರ್ ಆದಮೇಲೆ ಕದ್ದು ಸೇರಿಸಿದ ರೀಲಿನ ತುಂಡು. ಕಾಯ್ದೆ ಪ್ರಕಾರ ಅಪರಾಧ. ಹಾಕದಿದ್ದರೆ ಕುರ್ಚಿ ಮುರಿಯೋರು. ಇದನ್ನೂ ಪ್ರೇಕ್ಷಕರ ಅಭಿಪ್ರಾಯ ಅಂತಲೇ ಬರಕೊಳ್ಳಬೇಕು ನಾವು, ಗಿರಾಕಿಯ ಅಭಿಪ್ರಾಯ. ‘ಅನುಭವ’ವನ್ನು ಈ ಸಾಲಿಗೆ ಸೇರಿಸೋದು ನನಗೆ ಒಪ್ಪಿಗೆ ಇಲ್ಲ. ಆದರೆ ನೆನಪಿನಲ್ಲಿ ಎಲ್ಲಾ ಒಂದೇ ಗಂಟಿನಲ್ಲಿ ಸೇರಿಹೋಗಿದೆ. ಬಹಳ ಜನ ನನಗೆ “ಆ ಮಲಯಾಳಿ ಪಿಚ್ಚರ್ ಅಲ್ಲೇನ್ರೀ ಅನುಭವ?” ಅಂದರು.

ಈಗ ದೊಡ್ಡವ್ವನ ವಿಷಯಕ್ಕೆ ಬರ್ತೀನಿ. ಆಕೆಗೆ ಪದ್ಮಿ ಹೆಂಗ ಗೊತ್ತು?

ದೊಡ್ಡಪ್ಪ ಇಲ್ಲದ ಹೊತ್ತು ನೋಡಿ ಕೇಳಿದೆ. ಮೆಣಸಿನಕಾಯಿ ತೊಟ್ಟು ಬಿಡಿಸ್ತಾ ಕೂತಿದ್ದಳು. ಎಂಬತ್ತರ ದಶಕದ ಕೊನೆಯಲ್ಲಿ ಹಳ್ಳಿಗಳಿಗೆ ಬಾಡಿಗೆ ಟೀವಿ, ವಿಸಿಪಿ ಬರ್ತಿತ್ತು. ಮದುವೆ, ಕುಪ್ಪಸದ ಕಾರ್ಯ ಏನಾದರೂ ಇದ್ದರೆ ರಾತ್ರಿ ಮೂರು ಕ್ಯಾಸೆಟ್ ಹಾಕಿಸೋದು. ಮೊದಲನೇದು ದೇವರದು, ಎರಡನೇದು ರಾಜ್‌ಕುಮಾರದು. ಅಷ್ಟೊತ್ತಿಗೆ ಮಕ್ಕಳು, ಮುದುಕರು ಮಲಗಿರ್ತಾರೆ. ಮೂರನೇದು ಗಂಡಸರಿಗೆ. ಒಂದು ಮದುವೆ ಮನೆಯಲ್ಲಿ ಮೂರನೇದು ‘ಅನುಭವ’. ಅಡುಗೆಮನೆಯಲ್ಲಿ ಮಾರನೇ ದಿನಕ್ಕೆ ಅಂತ ಹೋಳಿಗೆ ಹೂರಣ ರುಬ್ಬುತ್ತಿದ್ದ ಹೆಣ್ಣುಮಕ್ಕಳು ನಡುಬಾಗಿಲ ಸಂದಿಯಿಂದ ಇಡೀ ಚಿತ್ರ ನೋಡಿದರಂತೆ. ಒಬ್ಬರು ರುಬ್ಬೋದು, ಇಬ್ಬರು ನೋಡೋದು, ಮತ್ತೆ ಪಾಳಿ. ಒರಳಿನ ಸಪ್ಪಳ ನಿಂತರೆ ಗಂಡಸರಿಗೆ ಗೊತ್ತಾಗುತ್ತಲ್ಲ!

“ಹೆಂಗಿತ್ತು ದೊಡ್ಡವ್ವಾ?” ಅಂದೆ.

“ಹುಡುಗುರದ್ದು ಏನ ಬಿಡ, ಮಂಗ್ಯಾನಾಟ. ಖರೇ ಮಾತಾಡಿದಾಕಿ ಪದ್ಮಿ ಒಬ್ಬಾಕೀನ. ನಮಗೂ ಮದುವಿ ಮಾಡಿ ಕಳಿಸಿದ್ರ, ಯಾರ ಏನ ಹೇಳಿದ್ರು? ಆ ಪಿಚ್ಚರ್ ನೋಡಿದ ರಾತ್ರಿ ನಾವು ಐದಾರು ಮಂದಿ ಬೆಳತನಕ ಮಾತಾಡಿದ್ವಿ. ಅದಕ್ಕೂ ಮೊದಲ ಒಮ್ಮೇನೂ ಮಾತಾಡಿದ್ದಿಲ್ಲ.”

ಮುಂದೆ ಏನು ಮಾತಾಡಿದಿರಿ ಅಂತ ಕೇಳಿದೆ. “ಅದನ್ನ ನಿನ್ನ ರೇಡಿಯೋದಾಗ ಹಾಕ್ತಿ, ಹೋಗ” ಅಂದಳು.

ಐದಾರು ಹೆಂಗಸರು, ಒರಳುಕಲ್ಲಿನ ಸುತ್ತ, ಒಂದು ರಾತ್ರಿ. ‘ಅನುಭವ’ದ ಬಗ್ಗೆ ನಮ್ಮ ಸೀಮೆಯಲ್ಲಿ ನಡೆದ ನಿಜವಾದ ಚರ್ಚೆ ಅದೊಂದೇ ಅಂತ ನನಗೆ ಅನಿಸುತ್ತೆ. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಕಟ್ಟೆ ಮೇಲೂ ಬರಲಿಲ್ಲ. ಗಂಡಸರ ‘ಹೊಲಸು ಪಿಚ್ಚರ್’ ಮಾತ್ರ ಉಳಿಯಿತು.

ಆ ಮಾತಿನ ಭಾರ ಯಾರ ಮೇಲೆ ಬಿತ್ತು ನೋಡಿ. ಕಾಶೀನಾಥ್ ಅವರ ಮೇಲೂ ಬಿತ್ತು, ಸುಳ್ಳಲ್ಲ. ‘ಅಪರಿಚಿತ’ ಮಾಡಿದ ನಿರ್ದೇಶಕ ಕೊನೆತನಕ ಡಬಲ್ ಮೀನಿಂಗ್ ಕಾಶೀನಾಥ್ ಆಗೇ ಉಳಿದರು. ಅವರು 2018ರ ಜನವರಿ 18ರಂದು ತೀರಿಕೊಂಡಾಗ ಒಮ್ಮೆಲೇ ಎಲ್ಲರಿಗೂ ಅವರ ಧೈರ್ಯ ನೆನಪಾಯಿತು. ಅವರ ನಾಯಕ ಹೆಬ್ಳೀಕರ್ 1988ರಲ್ಲಿ ತಾವೇ ‘ಕಾಡಿನ ಬೆಂಕಿ’ ನಿರ್ದೇಶಿಸಿದರು. ಅದರಲ್ಲೂ ಮನಸ್ಸು, ಕಾಮ, ದಾಂಪತ್ಯದ ತೊಡಕೇ ಇರೋದು. ಗಿರೀಶ ಕಾರ್ನಾಡ್ ಇದ್ದರು, ರಾಷ್ಟ್ರಪ್ರಶಸ್ತಿ ಬಂತು, ಅದನ್ನು ‘ಪ್ರಶಸ್ತಿ ಪಿಚ್ಚರ್’ ಅಂತ ಕರೆದರು. ಅದಕ್ಕೆ ಹೋಗೋಕೆ ಟವೆಲ್ಲು ಬೇಕಾಗಲಿಲ್ಲ (ನಮ್ಮ ದೊಡ್ಡಪ್ಪ ಅದಕ್ಕೆ ಹೋಗಲೂ ಇಲ್ಲ, ಅದು ಬೇರೆ).

ಉಮಾಶ್ರೀ ಅವರ ಹಾದಿ ಎಲ್ಲಕ್ಕಿಂತ ಕಠಿಣ. ಪದ್ಮಿಯಿಂದ ಹೆಸರು ಬಂತು, ಅದರ ಜೊತೆಗೆ ಒಂದು ಮುದ್ರೆಯೂ ಬಂತು. ವರ್ಷಗಟ್ಟಲೆ ಹಾಸ್ಯದ ಪಾತ್ರ, ಎರಡರ್ಥದ ಮಾತು. ಅದೇ ನಟಿ ರಂಗದ ಮೇಲೆ ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವ ಆಗಿ ನಿಂತಾಗ ನೋಡಿದವರು ಇವತ್ತಿಗೂ ಮರೆತಿಲ್ಲ. ಆದರೆ ಸಿನಿಮಾ ಮಂದಿಗೆ ಅದು ಕಾಣೋಕೆ ಬಹಳ ದಿನ ಹಿಡೀತು. 2008ರ ‘ಗುಲಾಬಿ ಟಾಕೀಸ್’ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ತಂದಿತು. ವೈದೇಹಿ ಅವರ ಕಥೆ, ಗಿರೀಶ ಕಾಸರವಳ್ಳಿ ಅವರ ನಿರ್ದೇಶನ. ಕರಾವಳಿಯ ಹಳ್ಳಿಯ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ಅವಳ ಮನೆಗೆ ಟೀವಿ ಬಂದಮೇಲೆ ಊರಿನ ಹೆಂಗಸರು ಅಲ್ಲಿ ಸೇರಿ ಚಿತ್ರ ನೋಡ್ತಾರೆ, ಮಾತಾಡ್ತಾರೆ. ನಾನದನ್ನು ನೋಡೋವಾಗ ನನಗೆ ಕಂಡಿದ್ದು ಆ ನಡುಬಾಗಿಲ ಸಂದಿ. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದ ಮತದಾರರು ಅವರನ್ನು ವಿಧಾನಸಭೆಗೆ ಕಳಿಸಿದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಮಂತ್ರಿಯೂ ಆದರು. ಯಾವ ಪದ್ಮಿಯನ್ನು ‘ನೋಡಿಲ್ಲ’ ಅಂದರೋ, ಅದೇ ಪದ್ಮಿ ಸಂಸ್ಕೃತಿ ಸಚಿವೆ!

ಈ ಸಂಚಿಕೆಗಾಗಿ ನಾನೂ ‘ಅನುಭವ’ ನೋಡಿದೆ. ಫೋನಿನಲ್ಲಿ, ಮಾಳಿಗೆ ಮೇಲೆ ಕೂತು, ಇಯರ್‌ಫೋನ್ ಹಾಕ್ಕೊಂಡು. ಅರ್ಧಕ್ಕೆ ಹೊಳೆಯಿತು: ಇದು ನನ್ನ ಟವೆಲ್ಲು. ಚಿತ್ರದ ಬಗ್ಗೆ ಹೇಳಬೇಕಂದ್ರೆ, ಹಾಸ್ಯ ಹಲವು ಕಡೆ ಹಳಸಿದೆ. ಎಳೆ ವಯಸ್ಸಿನ ಮದುವೆಯನ್ನು ಕಥೆ ಎಷ್ಟು ಹಗುರವಾಗಿ ಎತ್ತಿಕೊಂಡಿದೆ ಅನ್ನೋದು ಇವತ್ತಿನ ನನಗೆ ಎರಡರ್ಥದ ಮಾತಿಗಿಂತ ಹೆಚ್ಚು ಚುಚ್ಚಿತು. ಆ ಕಾಲದ ಕಟ್ಟೆಯ ಹಿರಿಯರಿಗೆ ಮಾತ್ರ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ, ಊರು ಕೆಡಿಸಿದ್ದು ಪದ್ಮಿ. ಉಮಾಶ್ರೀ ಅವರು ಬಂದಾಗೆಲ್ಲಾ ಚಿತ್ರಕ್ಕೆ ಜೀವ ಬರುತ್ತೆ. ಆ ಹೆಂಗಸಿಗೆ ಒಂದು ಮನಸ್ಸಿದೆ ಅಂತ ನಟಿಗೆ ಗೊತ್ತಿದೆ. ಚಿತ್ರಕ್ಕೇ ಅದು ಪೂರ್ತಿ ಗೊತ್ತಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಟೀವಿಯಲ್ಲಿ ಪುಟ್ಟಕ್ಕನ ಯಾವುದೋ ಹಳೇ ಕಂತು ಬರ್ತಿತ್ತು. ದೊಡ್ಡಪ್ಪ ಕುರ್ಚಿಯಲ್ಲಿ, ದೊಡ್ಡವ್ವ ನೆಲದ ಮೇಲೆ.

“ಏನ ಮಾಡ್ತಾಳ ನೋಡ ಮಗಳ, ಭಾಳ ಛಲೋ ನಟಿ ಈಕಿ” ಅಂದ ದೊಡ್ಡಪ್ಪ.

“ಇವರನ್ನ ಮೊದಲು ಎಲ್ಲಿ ನೋಡಿದಿ ದೊಡ್ಡಪ್ಪಾ?” ಅಂದೆ.

ದೊಡ್ಡವ್ವ ತಲೆ ಎತ್ತದೇ ಅಂದಳು, “ಹತ್ತಿ ಮಾರಾಕ ಹೋದಾಗ.”

ದೊಡ್ಡಪ್ಪ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ನಕ್ಕುಬಿಟ್ಟ. ಇನ್ನೊಂದು ಕಪ್ಪು ಚಹಾ ಮಾಡು ಅಂತ ನನಗೆ ಹೇಳಿದ, ಈ ಸಲ ಎದ್ದು ಹೋಗಲಿಲ್ಲ.